ನಟ್ಟನಡುವಿನ ಕುರ್ಚಿ

ಅಲೆಕ್ಸಾಂಡ್ರಿಯಾದ ಶ್ರವಣಾಸಕ್ತರ ಸಂಘದಲ್ಲಿ ಮಂದ್ರಸ್ವರದ ಬಗ್ಗೆ ವರದಿ ಬರೆಯುವ ಅಧಿಕಾರ ಒಂದೇ ಒಂದು ಕುರ್ಚಿಗಿದೆ. ನಿಯಮಾವಳಿಯ ಪ್ರಕಾರ ಅದು ಕೋಣೆಯ ನಟ್ಟನಡುವೆ, ನೆಲಕ್ಕೆ ಬೋಲ್ಟು ಹಾಕಿಸಿಕೊಂಡು ನಿಂತಿದೆ. ಹನ್ನೊಂದು ವರ್ಷ ಅದರಲ್ಲಿ ಕೂತವರು ಕಾರ್ಯದರ್ಶಿ ಶಾಹಿನಾಝ್. ಪ್ರತಿ ಗುರುವಾರ ಸಂಗೀತ ಕೇಳಿದ ಮೇಲೆ ಅವರ ವರದಿ: "ಮಂದ್ರ ಗಂಭೀರವಾಗಿತ್ತು." ಅವರಿಗೆ ಅಲ್ಲಿ ಮಂದ್ರ ಒಂದು ದಿನವೂ ಕೇಳಿಸಿರಲಿಲ್ಲ. ಗಂಭೀರವಾದದ್ದು ಹಾಗೇ, ಸದ್ದಿಲ್ಲದೆ ಇರುತ್ತದೆಂದು ಅವರು ತಿಳಿದಿದ್ದರು. ಟ್ಯೂನಿಸ್, ಬೇರೂತ್, ಪ್ಯಾರಿಸ್ ಸುತ್ತಿಬಂದ ತಮ್ಮ ಕಿವಿಗಳು ತಪ್ಪುವುದುಂಟೆ?

ಮಂದ್ರ ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆಯನ್ನು ಪರೀಕ್ಷಿಸಲು ಬಂದ ಎಂಜಿನಿಯರ್ ಬಹ್ಗತ್ ಕುರ್ಚಿಯ ಬಳಿ ಮೈಕು ಹಿಡಿದು ತಲೆ ಕೆರೆದುಕೊಂಡ.

"ಮೇಡಂ, ಇಲ್ಲಿ ಮಂದ್ರವೇ ಇಲ್ಲ. ಗೋಡೆಗೆ ಬಡಿದು ಬರೋ ಸದ್ದು, ಹೋಗೋ ಸದ್ದನ್ನ ತಿಂದುಹಾಕ್ತಿದೆ. ಒಂದು ಮೊಳ ಹಿಂದಕ್ಕೆ ಸರೀರಿ."

"ಕುರ್ಚಿ ಸರಿಸೋಕೆ ಅದರಲ್ಲಿ ಕೂತವರ ಸಹಿ ಬೇಕು," ಎಂದರು ಅಧ್ಯಕ್ಷ ತಹ್ಸೀನ್ ಬೇ. "ಕಾರಣಾನೂ ಬರೀಬೇಕು."

"ಕಾರಣ ಏನಂತ ಬರೀಲಿ?" ಎಂದರು ಶಾಹಿನಾಝ್.

ನಿಜ ಬರೆದರೆ ಹಳೆಯದೆಲ್ಲ ಸುಳ್ಳಾಗುತ್ತಿತ್ತು. ಹನ್ನೊಂದು ವರ್ಷದ ವರದಿಗಳು ಕಪಾಟಿನಲ್ಲಿದ್ದವು; ಅವರ ಹುದ್ದೆಯೂ ಅಲ್ಲೇ ಇತ್ತು.

ಬಹ್ಗತ್ ಬೇರೆ ದಾರಿ ಹೇಳಿದ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು ನುಡಿಸುವುದು, ಕೇಳುವವರು ಗೋಡೆಗುಂಟ ಅಂಬೆಗಾಲಿಡುವುದು. ಎಲ್ಲಿ ಮಂದ್ರ ತುಂಬಿ ಬರುತ್ತದೋ ಅಲ್ಲಿಗೆ ಪೆಟ್ಟಿಗೆಯನ್ನು ಒಯ್ಯುವುದು; ಆಗ ಕುರ್ಚಿಯಲ್ಲೂ ಅಷ್ಟೇ ತುಂಬಿ ಕೇಳಿಸುತ್ತದೆ. ಕೂಡಲೇ ಸುತ್ತೋಲೆ ಹೊರಟಿತು: "ಸದಸ್ಯರು ಹಿರಿತನದ ಕ್ರಮದಲ್ಲಿ ತೆವಳತಕ್ಕದ್ದು. ಹಿಂದಿನವರು ಮುಂದಿನವರನ್ನು ದಾಟತಕ್ಕದ್ದಲ್ಲ."

ತಹ್ಸೀನ್ ಬೇ ಮಂಡಿನೋವಿನಿಂದ ಎರಡು ಸಲ ನಿಂತರು, ಸಾಲೆಲ್ಲ ನಿಂತಿತು. ಅಡುಗೆಮನೆ ಬಾಗಿಲಿಗೆ ಬಂದಾಗ ಶಾಹಿನಾಝ್ ಎದೆಯೊಳಗೆ ಏನೋ ಗುಡುಗಿತು. ಪಕ್ಕದಲ್ಲಿ ಸಂಘಕ್ಕೆ ಚಹಾ ಮಾಡುವ ದುಸೂಕಿ ಸ್ಟೂಲಿನ ಮೇಲೆ ಕೂತಿದ್ದ.

"ಇದೇನಾ ಅದು?" ಎಂದರು ಮೆಲ್ಲಗೆ.

"ಇದೇ ಮೇಡಂ. ಹನ್ನೊಂದು ವರ್ಷದಿಂದ ಲೋಟ ನಡುಗ್ತಿವೆ. ನೀವು ಗಂಭೀರ ಅಂತ ಬರೀತಿದ್ರಲ್ಲ, ನಿಮಗೂ ಕೇಳ್ತಿದೆ ಅಂದ್ಕೊಂಡೆ."

"ಹಾಗಾದ್ರೆ ಏಳು, ಪೆಟ್ಟಿಗೆ ಇಲ್ಲಿಗೆ ಬರುತ್ತೆ."

"ನಾನೆದ್ದರೆ ಚಹಾ ಯಾರು ಮಾಡ್ತಾರೆ? ನೀವಾ?"

ಸಮಿತಿ ಇದನ್ನು ಗಂಭೀರವಾಗಿ ಪರಿಗಣಿಸಿ, ಪೆಟ್ಟಿಗೆ ಕುರ್ಚಿಯಲ್ಲೇ ಇರಲೆಂದು ಒಮ್ಮತದಿಂದ ತೀರ್ಮಾನಿಸಿತು.

ಈಗ ಗುರುವಾರಗಳಂದು ಸದಸ್ಯರು ಅಡುಗೆಮನೆ ಬಾಗಿಲಲ್ಲಿ ಮಂಡಿಯೂರಿ ಕೇಳುತ್ತಾರೆ. ದುಸೂಕಿ ಅವರ ತಲೆಗಳ ಮೇಲಿಂದ ಚಹಾ ದಾಟಿಸುತ್ತಾನೆ. ವರದಿಯಲ್ಲಿ ಅದೇ ಹಳೆಯ ಸಾಲು ಬರುತ್ತದೆ. ಮೊದಲ ಸಲ ಅದು ನಿಜ. ವರದಿಗಾರರ ಹೆಸರಿನ ಜಾಗದಲ್ಲಿ ಮಾತ್ರ, ನಿಯಮದಂತೆ, "ಪೆಟ್ಟಿಗೆ" ಎಂದಿದೆ. ಶಾಹಿನಾಝ್ ಮಂಡಿಗೊಂದು ದಿಂಬು ಕೇಳಿ ಅರ್ಜಿ ಕೊಟ್ಟಿದ್ದಾರೆ. ಅದಕ್ಕೆ ಕುರ್ಚಿಯಲ್ಲಿ ಕೂತವರ ಸಹಿ ಬೇಕು. ಅವರು ಕಾಯುತ್ತಿದ್ದಾರೆ.