ಮಡಿಕೆ ಬಿಚ್ಚಿದರೆ ಹಳೇಬೀಡು

ಮನೆಯಲ್ಲಿ ಕೂತು ಕಾಗದ ಮಡಚುವವಳಿಗೆ ಹೇಳಿಕೊಳ್ಳುವಂಥದ್ದು ಏನು ನಡೆದೀತು ಎಂದು ನೀವು ಕೇಳಬಹುದು. ನಡೆಯುತ್ತದೆ, ಕಾಗದ ಮುಟ್ಟಿದ ದಿನವೆಲ್ಲ ನಡೆಯುತ್ತದೆ. ಪಟಾಕಿ ಮಾಡುವವರ ಮನೆಯಲ್ಲೂ ಇಷ್ಟು ಗದ್ದಲ ಇರಲಾರದು.

ನಾನು ಮದುವೆಯಾಗಿ ಹಳೇಬೀಡಿಗೆ ಬಂದದ್ದು ಹೊಸವರ್ಷಕ್ಕೋ ಸಂಕ್ರಾಂತಿಗೋ ಗ್ರೀಟಿಂಗ್ ಕಾರ್ಡು ಕಳಿಸದಿದ್ದರೆ ನೆಂಟರು ಮುಖ ತಿರುಗಿಸುತ್ತಿದ್ದ ಕಾಲದಲ್ಲಿ. ನಮ್ಮ ಮನೆಯವರು ಹೈಸ್ಕೂಲು ಮೇಷ್ಟ್ರು, ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಗಲೆಲ್ಲ ಮನೆಯಲ್ಲಿ ನಾನು, ನಮ್ಮತ್ತೆ. ನನಗೆ ಚಿಕ್ಕಂದಿನಿಂದಲೂ ಕಾಗದ ಮಡಚುವ ಹುಚ್ಚು. ತೆರೆದರೆ ಹೂವು ಅರಳಬೇಕು, ಆನೆ ಸೊಂಡಿಲೆತ್ತಬೇಕು, ಗೋಪುರ ಎದ್ದು ನಿಲ್ಲಬೇಕು. ಅಂಥ ಕಾರ್ಡು ಮಾಡಿ ಬೇಲೂರು ಬಸ್‌ಸ್ಟ್ಯಾಂಡ್ ಎದುರಿನ ಫ್ಯಾನ್ಸಿ ಸ್ಟೋರಿಗೆ ಕೊಟ್ಟು ಬರುತ್ತಿದ್ದೆ.

ಅಂಗಡಿಯವರು ಬೇಡ ಅನ್ನುತ್ತಿರಲಿಲ್ಲ. ಆದರೆ ಇಡುತ್ತಿದ್ದದ್ದು ಕೆಳಗಿನ ಖಾನೆಯಲ್ಲಿ, ಪ್ಲಾಸ್ಟಿಕ್ ಬಕೆಟ್ಟುಗಳ ಹಿಂದೆ. ಅಂಗಡಿಯ ಮುಂದೆ ಒಂದು ಗಾಜಿನ ಪೆಟ್ಟಿಗೆ ಇತ್ತು, ಒಳಗೆ ಟ್ಯೂಬ್‌ಲೈಟು. ಅದರಲ್ಲಿ ಬೆಂಗಳೂರಿನಿಂದ ತರಿಸಿದ ಅಚ್ಚಿನ ಕಾರ್ಡುಗಳು: ಗುಲಾಬಿ, ಬೆಕ್ಕಿನ ಮರಿ, ಯಾವುದೋ ದೇಶದ ಹಿಮ.

"ನನ್ನದೂ ಒಂದು ಅಲ್ಲಿಡಿ ಅಣ್ಣ" ಅಂದೆ.

"ಅಲ್ಲಿ ಫಿನಿಶಿಂಗ್ ಇರೋದು ಮಾತ್ರ ಇಡೋದು ಅಕ್ಕೋರೆ" ಅಂದರು.

ಅಷ್ಟೇ. ಮೈಯೆಲ್ಲ ಉರಿದುಹೋಯಿತು. ಆ ಗಾಜಿನ ಪೆಟ್ಟಿಗೆಯೊಳಗೆ ನನ್ನ ಕಾರ್ಡು ಕೂರುವ ತನಕ ಬಿಡುವುದಿಲ್ಲ ಎಂದು ಅವತ್ತೇ ಹಠ ಹಿಡಿದೆ.

ಮಾವ ಮದುವೆಗೆ ಹೋದದ್ದು

ಒಳ್ಳೆಯ ಕಾರ್ಡಿಗೆ ದಪ್ಪ ಕಾಗದ ಬೇಕು. ದಪ್ಪ ಕಾಗದ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ, ಹಳೆಯ ಲಗ್ನಪತ್ರಿಕೆಗಳ ರೂಪದಲ್ಲಿ. ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕಿರುತ್ತಾರೆ, ಎಸೆಯಲು ಮನಸ್ಸು ಬರುವುದಿಲ್ಲ. ನಾನು ಅವನ್ನು ಇಳಿಸಿ, ಕತ್ತರಿಸಿ, ಅಚ್ಚಾದ ಭಾಗ ಹಿಂದಕ್ಕೆ ಮಾಡಿ, ಖಾಲಿ ಭಾಗ ಒಳಗೆ ಮಡಚಿ ಸಂಕ್ರಾಂತಿ ಕಾರ್ಡು ಮಾಡಿದೆ. ತೆರೆದರೆ ಎರಡು ಕಬ್ಬಿನ ಜಲ್ಲೆ ನೆಟ್ಟಗೆ ನಿಲ್ಲುತ್ತಿದ್ದವು.

ಅದರಲ್ಲೊಂದು ಗೆಂಡೆಹಳ್ಳಿಯಲ್ಲಿದ್ದ ನಮ್ಮ ಮನೆಯವರ ಸೋದರಮಾವನಿಗೆ ಹೋಯಿತು. ತಿಂಗಳು ಕಳೆದ ಮೇಲೆ ಒಂದು ಸಂಜೆ ಮಾವ ಅರಸೀಕೆರೆ ಬಸ್ಸಿನಿಂದ ಇಳಿದು ನೇರ ನಮ್ಮ ಮನೆಗೆ ಬಂದರು. ರೇಷ್ಮೆ ಪಂಚೆ, ಹೆಗಲ ಮೇಲೆ ಶಲ್ಯ, ಕೈಯಲ್ಲಿ ತಾಂಬೂಲದ ಚೀಲ. ಮುಖದಲ್ಲಿ ಮಾತ್ರ ಸಿಟ್ಟು.

"ಅಲ್ಲ ಕಣಮ್ಮಿ, ನೀವೇ ಪತ್ರಿಕೆ ಕಳ್ಸಿ, ನೀವೇ ಮದ್ವೆಗೆ ಬರ್ಲಿಲ್ವಲ್ಲ!"

"ಯಾರ ಮದುವೆ ಮಾವ?"

ಮಾವ ಜೇಬಿನಿಂದ ನನ್ನ ಕಾರ್ಡು ತೆಗೆದು ಹಿಂದಕ್ಕೆ ತಿರುಗಿಸಿದರು. ಮೂಲೆಗೆ ಹಚ್ಚಿದ ಅರಿಶಿನ ಹಾಗೇ ಇತ್ತು. ತಾರೀಕಿತ್ತು, ತಿಂಗಳಿತ್ತು, ಅರಸೀಕೆರೆಯ ಕಲ್ಯಾಣ ಮಂಟಪ ಇತ್ತು. ವರ್ಷ ಮಾತ್ರ ನನ್ನ ಕತ್ತರಿಗೆ ಸಿಕ್ಕಿ ಹೋಗಿತ್ತು. ಹೋದ ವರ್ಷ ಮುಗಿದ ಮದುವೆಗೆ ಮಾವ ಒಂದು ಮೂಟೆ ತೆಂಗಿನಕಾಯಿ ಹೊತ್ತು ಹೋಗಿ, ಮುಯ್ಯಿ ಮಾಡಿ, ಅಕ್ಷತೆ ಹಾಕಿ ಬಂದಿದ್ದರು!

"ಬಿಚ್ಚಿದ್ರೆ ಕಬ್ಬು ಎದ್ ನಿಂತ್ಕಂತು ಕಣಮ್ಮಿ. ಇಂಥ ಪತ್ರಿಕೆ ಮಾಡ್ಸಿರೋರ ಮನೆ ಮದ್ವೆ ಅಂದ್ರೆ ಜೋರಾಗೇ ಇರ್ತದೆ ಅಂತ ಹೋದೆ. ಇತ್ತು ಕಣಮ್ಮಿ, ಜೋರಾಗೇ ಇತ್ತು."

ಅದು ಹಳೆಯ ಪತ್ರಿಕೆ, ಇವತ್ತು ಅಲ್ಲಿ ಬೇರೆ ಯಾರದೋ ಮದುವೆ ನಡೆದಿರಬೇಕು ಎಂದು ಮೆಲ್ಲಗೆ ತಿಳಿಸಿ ಹೇಳಿದೆವು. ಮಾವ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನಮ್ಮತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗು ತಡೆಯುತ್ತಿದ್ದರು. ಕೊನೆಗೆ ಮಾವ ತಲೆ ಎತ್ತಿ ಕೇಳಿದರು:

"ಹಂಗಾದ್ರೆ 'ನೀವು ಬರ್ದೇ ಇದ್ದಿದ್ರೆ ಮದ್ವೆನೇ ನಡೀತಿರ್ಲಿಲ್ಲ' ಅಂತ ಕೈ ಹಿಡ್ಕಂಡು ಇನ್ನೆರಡು ಹೋಳಿಗೆ ಹಾಕ್ಸಿದ್ರಲ್ಲ, ಅವ್ರ್ಯಾರು?"

ಏಲಕ್ಕಿ ಅಂಟು

ಅಂಗಡಿಯ ಗೋಂದು ನನಗೆ ಒಗ್ಗುವುದಿಲ್ಲ. ಮೈದಾ ಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ಕುದಿಸಿ ಅಂಟು ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಪಾತ್ರೆ ಒಲೆಯ ಮೇಲಿಟ್ಟು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಬಂದು ನೋಡಿದರೆ ಅಂಟು ಹದವಾಗಿ ಬಂದಿತ್ತು. ಬಣ್ಣ ಸ್ವಲ್ಪ ಕಂದು ಅನ್ನಿಸಿತು, ತಳ ಹಿಡಿದಿರಬೇಕು ಎಂದುಕೊಂಡೆ. ನೆಗಡಿಯಾಗಿದ್ದರಿಂದ ಮೂಗಿಗೆ ಏನೂ ತಿಳಿಯಲಿಲ್ಲ. ಅಂದು ಅಂಟಿಸಿದ ಕಾರ್ಡುಗಳನ್ನು ಎಳೆದರೂ ಬಿಡುತ್ತಿರಲಿಲ್ಲ. ಹಿಗ್ಗಿನಿಂದ ಅವನ್ನು ಅಂಗಡಿಗೆ ಕೊಟ್ಟು ಬಂದೆ.

ಎರಡು ದಿನ ಬಿಟ್ಟು ಬಸ್ಸಿನ ಕಂಡಕ್ಟರು ಮನೆ ಮುಂದೆ ನಿಂತು ಕೂಗಿದರು: "ಮೇಷ್ಟ್ರ ಮನೆಯೋರು ಬೇಲೂರಿಗೆ ತಕ್ಷಣ ಬರ್ಬೇಕಂತೆ, ಫ್ಯಾನ್ಸಿ ಸ್ಟೋರ್‌ನೋರು ತಲೆ ಮೇಲೆ ಕೈ ಹೊತ್ಕಂಡು ಕೂತವ್ರೆ!"

ನಾನು ಚಪ್ಪಲಿ ಮೆಟ್ಟುವಾಗ ನಮ್ಮತ್ತೆ ಒಳಗಿನಿಂದ ಬಂದರು. "ಅವತ್ತು ಪಾಯ್ಸ ಮಾಡಿದ್ಯಲ್ಲ, ಯಾರಿಗೆ ಕೊಟ್ಟೆ? ನನಗೊಂದು ಲೋಟ ಮಡಗ್ಬಾರ್ದಿತ್ತಾ? ನೀನು ಬೆಲ್ಲ ಮರ್ತಿದ್ದೀಯ ಅಂತ ನಾನೇ ಹಾಕಿ, ಏಲಕ್ಕಿ ಕುಟ್ಟಿ ಉದುರಿಸಿದ್ದೆ."

ಚೀಲ ಕೂಡ ತೆಗೆದುಕೊಳ್ಳದೆ ಬಸ್ಸಿಗೆ ಓಡಿದೆ. ಬೇಲೂರಿಗೆ ಹೋಗಿ ನೋಡಿದರೆ ಬಕೆಟ್ಟುಗಳ ಹಿಂದಿನಿಂದ ಇರುವೆಗಳ ಸಾಲು ಹೊರಟಿದೆ. ಬಳೆಗಳ ಮೇಲೆ ಹತ್ತಿ, ರಿಬ್ಬನ್ನಿನ ಸುರುಳಿ ದಾಟಿ, ಗಾಜಿನ ಪೆಟ್ಟಿಗೆಯ ಸಂದಿಯಲ್ಲಿ ನುಗ್ಗಿ, ಟ್ಯೂಬ್‌ಲೈಟಿನ ಕೆಳಗೆ ಬೆಕ್ಕಿನ ಮರಿಯ ಮೂಗಿನ ಮೇಲೆ ಆರಾಮಾಗಿ ಓಡಾಡುತ್ತಿದೆ. ಅಂಗಡಿಯವರು ಬಾಯಿಗೆ ಬಂದ ಹಾಗೆ ಬೈದರು. ನಾನು ತಲೆತಗ್ಗಿಸಿ ನಿಂತಿದ್ದೆ, ಆದರೆ ಒಳಗೊಳಗೇ ಒಂದು ಸಂತೋಷ. ನನ್ನ ಕಾರ್ಡು ಹೋಗಲಾರದ ಜಾಗಕ್ಕೆ ನನ್ನ ಇರುವೆಯಾದರೂ ಹೋಗಿತ್ತಲ್ಲ!

ಅತ್ತೆಯವರು ಕೆಲಸದಲ್ಲಿದ್ದಾರೆ

ನನ್ನ ದೇವಸ್ಥಾನದ ಕಾರ್ಡು ತೆರೆದರೆ ಗೋಪುರ ಏಳುತ್ತಿತ್ತು, ಕೆಳಗೆ ಹಳೇಬೀಡು ಎಂದು ಬರೆದಿರುತ್ತಿದ್ದೆ. ಒಂದು ದಿನ ದೇವಸ್ಥಾನದ ಹತ್ತಿರ ಪ್ರವಾಸಿಗಳಿಗೆ ವಿವರ ಹೇಳುವ ಗೈಡೊಬ್ಬರು ನನ್ನನ್ನು ದಾರಿಯಲ್ಲೇ ಹಿಡಿದರು.

"ಮೇಡಂ, ನಮ್ಮ ದೇವಸ್ಥಾನಕ್ಕೆ ಗೋಪುರ ಎಲ್ಲಿದೆ? ಬಂದವರೆಲ್ಲ ನಿಮ್ಮ ಕಾರ್ಡು ಹಿಡಿದು ನನ್ನನ್ನು ಕೇಳ್ತಾರೆ. ಇಲ್ಲ ಅಂದ್ರೆ, 'ಹೋದ ವರ್ಷದ ಕಾರ್ಡಲ್ಲಿ ಇತ್ತಲ್ರೀ, ಅಷ್ಟರಲ್ಲಿ ಏನ್ ಮಾಡಿದ್ರಿ' ಅಂತಾರೆ!"

ಅವರು ಹೇಳಿದ್ದು ಸರಿಯೇ. ಆದರೆ ಏಳುವ ಕಾರ್ಡಿನಲ್ಲಿ ಏಳಲು ಏನಾದರೂ ಬೇಕಲ್ಲ! ನಮ್ಮ ದೇವಸ್ಥಾನ ಚಪ್ಪಟೆ. ಅದರ ಅಂದವೆಲ್ಲ ಒಳಕ್ಕೊಂದು ಹೊರಕ್ಕೊಂದು ಮೂಲೆ ಮಾಡಿಕೊಂಡು ಸುತ್ತ ಹೋಗುವ ಗೋಡೆಯಲ್ಲಿದೆ. ಎಷ್ಟು ಮಡಚಿದರೂ ಆ ನಕ್ಷತ್ರದ ಆಕಾರ ನನ್ನ ಕೈಗೆ ದಕ್ಕಲಿಲ್ಲ. ಮನೆ ತುಂಬ ಮುದುಡಿದ ಕಾಗದ.

ವರಮಹಾಲಕ್ಷ್ಮಿ ಹಬ್ಬದ ದಿನ ಅತ್ತೆ ಕಳಶಕ್ಕೆ ಸೀರೆ ಉಡಿಸುತ್ತಿದ್ದರು. ನಾನು ಹಿಡಿದುಕೊಟ್ಟ ನೆರಿಗೆ ಅವರಿಗೆ ಹಿಡಿಸಲಿಲ್ಲ. "ನೆರಿಗೆ ಹಿಡಿಯಕ್ಕೆ ಬರ್ದೋಳು ದೇವಸ್ಥಾನ ಮಡಚ್ತಾಳಂತೆ! ಸಣ್ಣಕ್ಕೆ ಹಿಡಿ, ಒಂದು ಒಳಕ್ಕೆ, ಒಂದು ಹೊರಕ್ಕೆ. ಬುಡ ಬಿಗಿಯಾಗಿ ಕಟ್ಟು. ಬಿಟ್ರೆ ತಾನೇ ಅರಳ್ತದೆ" ಅಂದರು. ನಾನು ಪೂಜೆ ಮುಗಿಯುವುದನ್ನೇ ಕಾದೆ. ಕಾಗದವನ್ನು ಸೀರೆಯ ಹಾಗೆ ನೆರಿಗೆ ಹಿಡಿದು, ದುಂಡಗೆ ತಂದು, ಒಳಗೆ ಚಡ್ಡಿಗೆ ಹಾಕುವ ಎಲಾಸ್ಟಿಕ್ ಕಟ್ಟಿದೆ. ಒತ್ತಿ ಹಿಡಿದರೆ ಚಪ್ಪಟೆ, ಕೈ ಬಿಟ್ಟರೆ ಟಪ್ ಎಂದು ಹಳೇಬೀಡು ಎದ್ದು ನಿಂತಿತು! ಅತ್ತೆ, ಸೊಸೆ ಇಬ್ಬರೂ ಕುಣಿಯುವುದೊಂದು ಬಾಕಿ.

ಮಡಿಕೆಯ ಗೆರೆ ನಿಲ್ಲಬೇಕಾದರೆ ಭಾರ ಬೇಕು. ರುಬ್ಬುವ ಗುಂಡು ಇಟ್ಟೆ, ಉರುಳಿತು. ಟ್ರಂಕು ಇಟ್ಟೆ, ಒಂದೇ ಕಡೆ ಒತ್ತಿತು. ನಮ್ಮತ್ತೆ ಮೈಕಟ್ಟಿನಲ್ಲಿ ಧಾರಾಳಿ. ಕೊನೆಗೆ ಅವರ ಹಾಸಿಗೆಯ ಕೆಳಗೆ ಹರಡಿದೆ. ಊಟವಾಗಿ ಅವರು ಒಂದು ನಿದ್ದೆ ತೆಗೆದು ಎದ್ದರೆ ಗೆರೆಗಳು ಇಸ್ತ್ರಿ ಹೊಡೆದಂತೆ ಇರುತ್ತಿದ್ದವು. ಬರಬರುತ್ತಾ ಅವರಿಗೂ ಅದರಲ್ಲಿ ಜವಾಬ್ದಾರಿ ಬಂತು.

"ಇವತ್ತು ಕೆಳಗೆ ಏನೈತೆ?"

"ಹಳೇಬೀಡು ಅತ್ತೆ."

"ಸರಿ, ಮಗ್ಗುಲು ಬದ್ಲಾಯ್ಸಲ್ಲ ಬಿಡು."

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು "ನಿಮ್ಮತ್ತೆ ಎಲ್ರೀ?" ಎಂದು ಕೇಳಿದರು. "ಕಾರ್ಡು ಮಾಡ್ತಿದ್ದಾರೆ" ಅಂದೆ. ಒಳಗಿನಿಂದ ಗೊರಕೆ ಕೇಳಿಸುತ್ತಿತ್ತು.

ಸಾಹೇಬರು ಎದ್ದು ನಿಂತಾಗ

ಬೇಲೂರಿನಲ್ಲಿ ಒಬ್ಬ ದೊಡ್ಡ ಸಾಹೇಬರಿಗೆ ವರ್ಗವಾಯಿತು. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ಬೀಳ್ಕೊಡುಗೆಗೆ ಎಲ್ಲರೂ ಗೋಡೆ ಗಡಿಯಾರ ಕೊಡುತ್ತಾರೆ, ನಾವು ಬೇರೆ ಏನಾದರೂ ಕೊಡೋಣ ಎಂದು ಕಚೇರಿಯವರಿಗೆ ಅನ್ನಿಸಿ, ನನ್ನಿಂದ ಒಂದು ಭಾರೀ ಕಾರ್ಡು ಮಾಡಿಸಿದರು. ಹಾರ, ಶಾಲು ಒದಗಿಸಿದ್ದು ನಮ್ಮ ಫ್ಯಾನ್ಸಿ ಸ್ಟೋರಿನವರೇ. "ಸ್ಟೇಜ್ ಮೇಲೆ ಮರ್ಯಾದೆ ಉಳಿಸಿ ಅಕ್ಕೋರೆ. ಆಮೇಲೆ ಗಾಜಿನ ಪೆಟ್ಟಿಗೆ ವಿಷ್ಯ ಮಾತಾಡಾನ" ಅಂದರು. ಇದಕ್ಕಿಂತ ಇನ್ನೇನು ಬೇಕು?

ಹೊರಗೆ ಕೆಂಪು ವೆಲ್ವೆಟ್ ಕಾಗದ, ಒಳಗೆ ಹಳೇಬೀಡು, ಎಲಾಸ್ಟಿಕ್ ಎರಡರಷ್ಟು. ಚಪ್ಪಟೆಯಾಗಿ ಒತ್ತಿ ರಿಬ್ಬನ್ ಕಟ್ಟಿದರೆ ಊಟದ ಮಣೆಯಷ್ಟು ದೊಡ್ಡದು. ಅತ್ತೆ ಅದಕ್ಕಾಗಿ ಮೂರು ಹೊತ್ತೂ ಮಲಗಿದರು.

ಸಮಾರಂಭದ ದಿನ ವೇದಿಕೆಯ ಮೇಜಿನ ಮೇಲೆ ಹಾರ, ಹಣ್ಣಿನ ಬುಟ್ಟಿ ತುಂಬಿ ಜಾಗವಿರಲಿಲ್ಲ. ಯಾರೋ ಪುಣ್ಯಾತ್ಮರು ಕಾರ್ಡನ್ನು ಸಾಹೇಬರ ಕುರ್ಚಿಯ ಮೇಲಿಟ್ಟರು. ಅದನ್ನು ನೋಡಿದ ಅಟೆಂಡರಿಗೆ, ಸಾಹೇಬರಿಗೆಂದು ವಿಶೇಷವಾಗಿ ಹಾಕಿದ ಆಸನ ಅನ್ನಿಸಿತು. ಮೂಲೆ ಸರಿಮಾಡಿ, ಧೂಳು ಒರೆಸಿ, "ಬನ್ನಿ ಸಾರ್, ಕೂತ್ಕಳಿ" ಅಂದರು.

ಸಾಹೇಬರು ಕೂತರು. ರಿಬ್ಬನ್ ಪಟ್ ಎಂದದ್ದು ಮೂರನೇ ಸಾಲಿನಲ್ಲಿದ್ದ ನನಗೆ ಕೇಳಿಸಿತು.

ಸ್ವಾಗತ ಭಾಷಣ ಆಯಿತು, ಪ್ರಾಸ್ತಾವಿಕ ನುಡಿ ಆಯಿತು, ಸಾಹೇಬರನ್ನು ಹೊಗಳುವವರು ಒಬ್ಬರ ಹಿಂದೆ ಒಬ್ಬರು ಬಂದರು. ಸಾಹೇಬರು ಏಳಲಿಲ್ಲ. ನನ್ನ ಕಣ್ಣಲ್ಲಿ ನೀರು. ಮುಂದಿನ ಸಾಲಿನಿಂದ ಅಂಗಡಿಯವರು ಹಿಂದೆ ತಿರುಗಿ, ಮುಗೀತು ಎಂಬಂತೆ ಕೈಯಾಡಿಸಿದರು. ಪಕ್ಕದಲ್ಲಿದ್ದ ಅತ್ತೆಗೆ ಬೇರೆಯದೇ ಚಿಂತೆ.

"ಮಗ್ಗುಲು ಬದ್ಲಾಯ್ಸ್ತಾವ್ನೆ ನೋಡು. ಗೆರೆ ಕೆಡಿಸ್ತಾನೆ ಈ ಮಹರಾಯ!"

ಕೊನೆಗೆ ಸಾಹೇಬರು ಮಾತಾಡಲು ಎದ್ದು ಮೈಕಿನ ಹತ್ತಿರ ಹೋದರು. ಅವರ ಬೆನ್ನ ಹಿಂದೆ ಕುರ್ಚಿಯ ಮೇಲೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಟಪ್! ಮೂಲೆ ಮೂಲೆಯಾಗಿ, ನೆರಿಗೆ ನೆರಿಗೆಯಾಗಿ ಹಳೇಬೀಡು ಎದ್ದು ನಿಂತಿತು. ಒಂದು ಗೆರೆಯೂ ಕೆಟ್ಟಿರಲಿಲ್ಲ. ಸಭೆಯೆಲ್ಲ ಚಪ್ಪಾಳೆ. ಆಗಿನ್ನೂ "ಎಲ್ಲರಿಗೂ ನಮಸ್ಕಾರ" ಎಂದಷ್ಟೇ ಹೇಳಿದ್ದ ಸಾಹೇಬರು ಆ ಚಪ್ಪಾಳೆಗೆ ಗದ್ಗದಿತರಾದರು.

ಭಾಷಣ ಮುಗಿಸಿ "ಇಷ್ಟು ಹೇಳಿ ವಿರಮಿಸ್ತೀನಿ" ಎಂದು ಕುರ್ಚಿಯ ಕಡೆ ಒಂದು ಹೆಜ್ಜೆ ಹಿಂದಕ್ಕಿಟ್ಟರು. ಸಭೆ ಒಟ್ಟಿಗೆ ಕೂಗಿತು: "ಬೇಡಿ ಸಾರ್! ಕೂತ್ಕಬೇಡಿ!"

"ನಿಮ್ಮ ಪ್ರೀತಿ ದೊಡ್ಡದು" ಎಂದು ಸಾಹೇಬರು ಕಣ್ಣೊರೆಸಿಕೊಂಡು ಮತ್ತೆ ಶುರುಮಾಡಿದರು. ಬಾಲ್ಯದಿಂದ ಕೆಲಸಕ್ಕೆ ಸೇರುವ ತನಕ ಬಂತು. ಮತ್ತೆ ಕೂರಲು ಹೋದರು, ಮತ್ತೆ ಜನ ಕೂಗಿದರು, ಮತ್ತೆ ಭಾಷಣ. ಅಡುಗೆಯವರು ಬಾಗಿಲಿಗೆ ಬಂದು ಇಣುಕಿದರು. ಕೂರಿಸಿದರೆ ದೇವಸ್ಥಾನ ಹೋಗುತ್ತದೆ, ಕೂರಿಸದಿದ್ದರೆ ಊಟ ಹೋಗುತ್ತದೆ. ಕೊನೆಗೆ ನಮ್ಮತ್ತೆ ತಡೆಯಲಾರದೆ ಎದ್ದುನಿಂತರು.

"ಸ್ವಾಮಿ, ಭಾಷಣ ಸಾಕು! ಹಿಂದಕ್ಕೆ ತಿರುಗಿ ನೋಡಿ, ಹಳೇಬೀಡು ಎದ್ದೈತೆ!"

ಸಾಹೇಬರು ತಿರುಗಿ ನೋಡಿದರು. ಕೈಮುಗಿದರು. ಆಮೇಲೆ ಮೈಕಿಗೆ ಬಾಯಿಟ್ಟು, "ನಾನು ಕುರ್ಚಿ ಬಿಟ್ಟು ಎದ್ದ ಮೇಲೇ ಈ ತಾಲ್ಲೂಕು ಮೇಲೆ ಏಳೋದು ಅಂತ ಯಾರಾದ್ರೂ ಮೊದಲೇ ಹೇಳಬಾರದಿತ್ತಾ?" ಅಂದರು. ಚಪ್ಪಾಳೆ, ಸಿಳ್ಳೆ. ಹೋಗುವಾಗ ಗಡಿಯಾರದ ಮಾತೇ ಎತ್ತದೆ, ಕಾರ್ಡನ್ನು ಯಾರ ಕೈಗೂ ಕೊಡದೆ ತಾವೇ ಎತ್ತಿಕೊಂಡು ಜೀಪು ಹತ್ತಿದರು.

ಮಾರನೆಯ ದಿನ ಫ್ಯಾನ್ಸಿ ಸ್ಟೋರಿನ ಮುಂದೆ ಜನ. ಮಾದಿಹಳ್ಳಿಯಿಂದ ಬಂದವರೂ "ಸಾಹೇಬ್ರು ಕೂತಿದ್ದ ಕಾರ್ಡು ಐತಾ?" ಎಂದು ಕೇಳುತ್ತಿದ್ದರು. ಬೆಕ್ಕಿನ ಮರಿ, ಗುಲಾಬಿ, ಹಿಮ ಎಲ್ಲ ಬಕೆಟ್ಟಿನ ಹಿಂದೆ ಹೋಗಿದ್ದವು. ಗಾಜಿನ ಪೆಟ್ಟಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಅಷ್ಟು ದಿನ ಕೆಳಗಿನ ಖಾನೆಯಲ್ಲಿದ್ದ ನನ್ನ ಚಿಕ್ಕ ಹಳೇಬೀಡು! ನಾನು ಅದನ್ನು ನೋಡುತ್ತಾ ರಸ್ತೆಯಲ್ಲೇ ನಿಂತುಬಿಟ್ಟೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅತ್ತೆಗೆ ತೋರಿಸೋಣ ಎಂದು ಕರೆದುಕೊಂಡು ಹೋಗಿದ್ದೆ. ಅವರು ಗಾಜಿಗೆ ಮುಖ ಹಚ್ಚಿ, ಅಂಗಡಿಯವರು ಬರೆದಿಟ್ಟಿದ್ದ ರಟ್ಟಿನ ಬೋರ್ಡು ಓದಿದರು: "ಸಾಹೇಬರು ಕೂತ ಕಾರ್ಡು ಇಲ್ಲಿ ಸಿಗುತ್ತದೆ." ಮುಖ ಕೆಂಪಗಾಯಿತು.

"ಇದೇನ್ರೀ ಅನ್ಯಾಯ! ಒಂದು ಮಧ್ಯಾಹ್ನ ಕೂತೋರ ಹೆಸ್ರು ಬೋರ್ಡ್ ಮೇಲೆ. ಇಷ್ಟು ವರ್ಷ ಮಲಗಿರೋಳು ನಾನು!"

ಅಂಗಡಿಯವರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಹಾಸಿಗೆಯ ವಿಷಯ ಬಿಡಿಸಿ ಹೇಳಿದೆ. ಅವರು ಅತ್ತೆಯನ್ನು ಒಮ್ಮೆ, ಕಾರ್ಡಿನ ಗೆರೆಗಳನ್ನು ಒಮ್ಮೆ ನೋಡಿ, ಬೋರ್ಡು ತೆಗೆದು ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಇಟ್ಟರು: "ಅತ್ತೆ ಮಲಗಿದ ಕಾರ್ಡು."

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಅಂಗಡಿಯವರಿಗೆ ಹೇಳಿದರು: "ಹೂಂ. ಈಗ ಬಂತು ನೋಡಿ ಫಿನಿಶಿಂಗು."