ಹುಳದ ಗಾಡಿಯ ಹಾಡು

ಅನಗೋಳದ ಅಕ್ಕಾತಾಯಿಯವರ ಜೈನ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಯಾರೂ ಸೋಸದ ನೀರು ಕುಡಿದಿಲ್ಲ. ಅಜ್ಜ ಬಸದಿಯ ಟ್ರಸ್ಟಿ. ಮಾವ ಧಾನ್ಯದ ವ್ಯಾಪಾರಿಯಾಗಿಯೂ ತಕ್ಕಡಿಗೆ ಬೆರಳು ತಾಗಿಸದವರು. ಸ್ವತಃ ಅಕ್ಕಾತಾಯಿಯವರು ಕಾನ್ವೆಂಟಿನಲ್ಲಿ ಓದಿ, ಇಂದಿಗೂ ಕರವಸ್ತ್ರಕ್ಕೆ ಇಸ್ತ್ರಿ ಹಾಕುವವರು.

ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು, ಅವು ಬಂದ ನೀರಿಗೇ ಮರಳಿ ಬಿಡುವುದು ಧರ್ಮ. ಬಾವಿ ಇದ್ದಾಗ ಬಾವಿಗೆ ಬಿಡುತ್ತಿದ್ದರು. ಈಗ ಹುಳುಗಳು ನಳದಲ್ಲಿ ಬರುತ್ತವೆ. ಆದ್ದರಿಂದ ಅವರು ತಂಬಿಗೆ ಹಿಡಿದು, ಮಹಡಿಯ ಮೇಲೆ ಬಾಡಿಗೆಗಿದ್ದು ತಮ್ಮನ್ನು ಚಿಕ್ಕಮ್ಮನಂತೆ ‘ಕಾಕು’ ಎಂದು ಕರೆಯುವ ಹುಡುಗ ರೋಹನನ ಬೈಕಿನಲ್ಲಿ ಒಂದು ಬದಿಗೆ ಕುಳಿತು, ಶುದ್ಧಜಲ ಪ್ರಾಧಿಕಾರದ ಕಚೇರಿಗೆ ಹೋದರು.

“ಇವು ನಿಮ್ಮವು. ತಗೋರಿ.”

ಇಂಜಿನಿಯರ್ ಬಸಲಿಂಗಪ್ಪ ತಂಬಿಗೆಯಲ್ಲಿ ಇಣುಕಿದರು. “ನಮ್ಮ ನೀರಾಗ ಹುಳ ಇಲ್ರಿ ಬಾಯಾರ. ಇಲ್ಲದ್ದನ್ನ ಹೆಂಗ ತಗೊಳ್ಳೂದು?”

“ಮತ್ತ ಇವೇನು?”

“ನಿಮ್ಮ ಮನಿ ಸೋಸೂ ಅರಿವ್ಯಾಗ ಹುಟ್ಟಿರಬೇಕು.”

ಹುಳು ತಂಬಿಗೆಯಲ್ಲೇ ಸತ್ತರೆ ಪಾಪ. ಮನೆಯಲ್ಲಿ ಹುಟ್ಟಿದವು ಎಂದರೆ ಅದಕ್ಕಿಂತ ದೊಡ್ಡ ಅವಮಾನ. ಅಕ್ಕಾತಾಯಿಯವರು ಅಂದು ಊಟ ಮಾಡಲಿಲ್ಲ.

ರೋಹನ ಮತ್ತು ಅವನ ಜೊತೆ ಮಹಡಿಯಲ್ಲಿದ್ದ ಮೂವರು ಗೆಳೆಯರು ಖಾನಾಪುರದವರು. ‘ಖಾನಾಪುರ ಪ್ಯಾಸೆಂಜರ್’ ಎಂಬ ರಾಕ್ ಬ್ಯಾಂಡಿನವರು. ಮರುವಾರವೇ ಅವರ ಹೊಸ ಹಾಡು ಖಾಸಬಾಗದಿಂದ ಸಾಂಬ್ರಾವರೆಗೆ ಎಲ್ಲ ಮೊಬೈಲುಗಳಲ್ಲಿ ಕಿರುಚತೊಡಗಿತು:

“ನಳ ತಿರುವಿದ್ರ ಹುಳ ಬರ್ತಾವ, ಹುಳಕ್ಕ ಊರೇ ಇಲ್ಲ!”

ಪ್ರಾಧಿಕಾರ ತುರ್ತು ಸಭೆ ಕರೆಯಿತು. ನೀರು ಶುದ್ಧಿ ಮಾಡೋಣವೆಂದು ಒಬ್ಬರು ಸೂಚಿಸಿದರು. ಅವರನ್ನು ಸಭೆಯಿಂದ ಹೊರಗೆ ಕಳಿಸಲಾಯಿತು. ಬಳಿಕ ಪ್ರಕಟಣೆ ಹೊರಬಿತ್ತು:

“ನಮ್ಮ ನೀರಿನಲ್ಲಿ ಹುಳುಗಳಿಲ್ಲ. ಇರುವ ಹುಳುಗಳು ಮನೆಗಳಿಗೆ ತಾತ್ಕಾಲಿಕ ಭೇಟಿ ನೀಡುತ್ತಿದ್ದು, ಅವುಗಳನ್ನು ಗೌರವಪೂರ್ವಕವಾಗಿ ಜಲಾಶಯಕ್ಕೆ ಮರಳಿಸಲಾಗುವುದು. ಸೋಸುವ ಬಟ್ಟೆ ನಾಗರಿಕರದ್ದು. ಹುಳುಗಳ ಪ್ರಯಾಣ ಶುಲ್ಕವನ್ನು ನೀರಿನ ಬಿಲ್ಲಿನಲ್ಲಿ ಸೇರಿಸಲಾಗುವುದು.”

ಮನೆಮನೆಯಿಂದ ಹುಳು ಒಯ್ಯುವ ಗಾಡಿಯ ಗುತ್ತಿಗೆ ಬಸಲಿಂಗಪ್ಪನವರ ಭಾವಮೈದುನನಿಗೆ ಸಿಕ್ಕಿತು. ಕಸದ ಗಾಡಿಗೆ ಹಾಡು ಇರುವಂತೆ ಇದಕ್ಕೂ ಒಂದು ಹಾಡು ಬೇಕಾಗಿತ್ತು. ಎಲ್ಲರಿಗೂ ಬಾಯಿಪಾಠವಾಗಿದ್ದ ರೋಹನನ ಹಾಡನ್ನೇ ಹಾಕಿದರು.

ಈಗ ಹಾಡು ಕೇಳಿದೊಡನೆ ಓಣಿ ಬಾಗಿಲಿಗೆ ಬರುತ್ತದೆ.

“ಹುಳ ತರ್ರೀ, ಗಾಡಿ ನಿಲ್ಲೂದಿಲ್ಲ!” ಎಂದು ಒಂದು ದಿನ ಎದುರುಮನೆಯ ಭೀಮಕ್ಕ ಕೂಗಿದಳು. “ಈ ಸಲ ನಮ್ಮವು ಭಾಳ ಸೊರಗ್ಯಾವ ನೋಡ್ರಿ. ನಿಮ್ಮವು ಮೈ ತುಂಬ್ಯಾವ.”

“ನಮ್ಮಲ್ಲಿ ಮೊದಲಿಂದಲೂ ಹಂಗ,” ಎಂದು ಅಕ್ಕಾತಾಯಿಯವರು ತಂಬಿಗೆ ಕೊಟ್ಟರು. ಜೀವಿಗಳು ಊರು ಸೇರಿದವು, ಮನೆತನದ ಮೇಲಿನ ಮಾತೂ ಹೋಯಿತು. ಅಷ್ಟರಲ್ಲಿ ಗಾಡಿ ಕೆಟ್ಟು ಅವರ ಗೇಟಿನ ಮುಂದೆಯೇ ನಿಂತಿತು. ಡ್ರಮ್ಮಿನ ಗದ್ದಲದಲ್ಲಿ ಇದುವರೆಗೆ ತಿಳಿಯದ ಎರಡನೆಯ ನುಡಿ ಸ್ಪಷ್ಟವಾಗಿ ಕೇಳಿಸಿತು: “ಹಳೇ ಲುಂಗಿ ಕಟ್ಟಿ ಸೋಸ್ತಾಳ ಕಾಕು!”

ಅಕ್ಕಾತಾಯಿಯವರು ಮಹಡಿಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು.

“ರೋಹನ, ಅದು ಎರಡು ಪದರಿನ ಹೊಸಾ ಖಾದಿ. ನಮ್ಮ ಮನ್ಯಾಗ ಲುಂಗಿ ಉಟ್ಟವರ ಇಲ್ಲ.”

“ಖಾದಿ ತಾಳಕ್ಕ ಕೂಡೂದಿಲ್ರಿ, ಕಾಕು.”

“ತಾಳ ನಿಮ್ಮ ಕಡೆ ಇರಲಿ. ನಾಲ್ಕೂ ಮಂದಿ ಕೆಳಗ ಬಂದು ಓಣಿ ಮುಂದ ಕ್ಷಮಾ ಕೇಳ್ರಿ.”