ಹುಡುಗ ಹ್ಯಾಂಗದಾನ್ರಿ ಸರ?

ತತ್ವಶಾಸ್ತ್ರ ಕಲಿಸುವವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಗಣಿತದವರ ಮನೆಗೆ ಟ್ಯೂಷನ್ನಿನ ಮಕ್ಕಳು ಬರುತ್ತಾರೆ, ಸಸ್ಯಶಾಸ್ತ್ರದವರ ಬಳಿಗೆ ಹತ್ತಿಯ ಎಲೆ ಹಿಡಿದುಕೊಂಡು ರೈತರು ಬರುತ್ತಾರೆ. ಬೈಲಹೊಂಗಲದ ನಮ್ಮ ಓಣಿಯಲ್ಲಿ ನನ್ನ ಬಾಗಿಲು ಬಡಿದು ಸತ್ಯ ಎಂದರೇನೆಂದು ಕೇಳಿದವರು ಒಬ್ಬರೂ ಇಲ್ಲ. ಕರೆಂಟು ಹೋದಾಗ ‘ನಿಮ್ಮನ್ಯಾಗೂ ಹೋಗೇತೇನ್ರಿ?’ ಎನ್ನುತ್ತಾರೆ, ಅಷ್ಟೇ. ಇಂಥ ನನಗೆ ಈಚೆಗೆ ಒಂದು ನಿಜವಾದ ಪ್ರಶ್ನೆ ಬಂತು. ಅದಕ್ಕೆ ಕೊಟ್ಟ ಉತ್ತರ ನೆನಪಾದರೆ ಒಬ್ಬನೇ ಇದ್ದಾಗಲೂ ನಾಚಿಕೆಯಾಗುತ್ತದೆ.

ಆ ವಾರ ಧಾರವಾಡದ ವಿಚಾರ ಸಂಕಿರಣಕ್ಕೆ ಒಂದು ಪ್ರಬಂಧ ಬರೆಯುತ್ತಿದ್ದೆ. ಪಾಶ್ಚಾತ್ಯರಲ್ಲಿ ಮತ್ತು ಚೀನೀಯರಲ್ಲಿ ಸತ್ಯದ ಪ್ರಶ್ನೆ ಎಂಬುದು ವಿಷಯ. ಪಾಶ್ಚಾತ್ಯರಲ್ಲಿ ಒಂದು ಬಿಗಿ ಪಂಗಡವಿದೆ. ಕೊಲ್ಲಲು ಬಂದವನೇ ‘ನಿನ್ನ ಗೆಳೆಯ ಎಲ್ಲಿದ್ದಾನೆ?’ ಎಂದು ಕೇಳಿದರೂ ಸುಳ್ಳು ಹೇಳಬಾರದು ಎನ್ನುವವರು. ಹಳೆಯ ಚೀನಾದವರಲ್ಲಿ ಕೆಲವರದು ಇದಕ್ಕೆ ತಿರುವುಮುರುವು. ಅಪ್ಪ ಕುರಿ ಕದ್ದರೆ ಮಗ ಅದನ್ನು ಮುಚ್ಚಿಟ್ಟುಕೊಳ್ಳುವುದೇ ಪ್ರಾಮಾಣಿಕತೆ ಎನ್ನುತ್ತಾರೆ. ಮೊದಲಿನವರಿಗೆ ಗೆಳೆಯನ ಕುತ್ತಿಗೆ ಕಾಣಲಿಲ್ಲ, ಎರಡನೆಯವರಿಗೆ ಕುರಿ ಕಳೆದುಕೊಂಡವನ ಗೋಳು ಕೇಳಿಸಲಿಲ್ಲ ಎಂದು ಬರೆದು, ಎರಡು ಖಂಡಗಳನ್ನೂ ಒಂದೇ ಏಟಿಗೆ ಮಲಗಿಸಿದ ಖುಷಿಯಲ್ಲಿ ಪಡಸಾಲೆಯಲ್ಲಿ ಕುಳಿತಿದ್ದೆ. ಅಷ್ಟರಲ್ಲಿ ಇಬ್ಬರು ಹಿರಿಯರು ಬಂದು ಕುಡಿಯಲು ನೀರು ಕೇಳಿದರು. ರಾಮದುರ್ಗದ ಕಡೆಯವರಂತೆ. ನೀರು ಕುಡಿದರು, ಚಹಾ ತರಿಸಿದೆ. ಆಮೇಲೆ ದೊಡ್ಡವರು ದನಿ ತಗ್ಗಿಸಿದರು.

“ಬಾಜೂ ಮನಿ ಗಂಗವ್ವನ ಮಗಾ ಮಲ್ಲಪ್ಪ, ಹುಡುಗ ಹ್ಯಾಂಗದಾನ್ರಿ ಸರ?”

ಮಲ್ಲು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನು. ಅಡಿಕೆ ಚೂರನ್ನೂ ಬಾಯಿಗೆ ಹಾಕದ ಹುಡುಗ. ನಮ್ಮ ಮಿಕ್ಸರನ್ನು ಎಷ್ಟೋ ಸಲ ಬದುಕಿಸಿಕೊಟ್ಟಿದ್ದಾನೆ. ‘ಒಳ್ಳೆಯವನು’ ಎಂದಿದ್ದರೆ ಪಾಶ್ಚಾತ್ಯರೂ ಒಪ್ಪುತ್ತಿದ್ದರು, ಚೀನೀಯರೂ ತಲೆದೂಗುತ್ತಿದ್ದರು. ಮುಚ್ಚಿಡಲು ಕುರಿಯೇ ಇರಲಿಲ್ಲ. ಆದರೆ ಜನ್ಮದಲ್ಲಿ ಮೊದಲ ಸಲ ಪ್ರಶ್ನೆ ಬಂದಿದೆ, ಒಂದೇ ಮಾತಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ನೋಡ್ರಿ ಹಿರ್ಯಾರ, ಒಳ್ಳ್ಯಾವ ಅಂದ್ರ ಯಾರು, ಇದ ಮೊದಲನೇ ಪ್ರಶ್ನಿ,” ಎಂದು ಶುರು ಮಾಡಿದೆ. “ಪಾಶ್ಚಾತ್ಯರು ಏನಂತಾರ, ಎದುರಿಗೆ ಯಾರರ ಇರ್ಲಿ, ಖರೇನ ಹೇಳಬೇಕು. ಚೀನಾದವ್ರು ಅಂತಾರ, ನಮ್ಮವ್ರದು ಮುಚ್ಚಿಕೊಳ್ಳೋದೂ ಧರ್ಮ ಐತಿ ಅಂತ.”

ಹಿರಿಯರು ಚಹಾದ ಕಪ್ಪು ಕೆಳಗಿಟ್ಟರು. “ಮುಚ್ಚಿಕೊಳ್ಳುವಂಥಾದ್ದು ಏನೈತ್ರಿ?”

“ಐತಿ ಅಂತಲ್ರಿ. ಇದ್ರ, ಅಂತ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. “ತಿಳೀತ್ರಿ ಸರ. ಭಾಳ ಉಪಕಾರಾತು,” ಎಂದು ಕೈಮುಗಿದರು. ನನ್ನ ಪಾಠ ಕೇಳಿದ ಮೇಲೆ ಯಾರಾದರೂ ‘ತಿಳೀತು’ ಎಂದದ್ದು ಅದೇ ಮೊದಲು. ಉಬ್ಬಿಹೋಗಿ ಒಳಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ವಿವರಿಸಿದೆ. ಶಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನ್ ಮಾಡಿದ್ರಿ! ನಮ್ಮ ಕಡೆ ಯಾರರ ಬಾಯಿ ಬಿಟ್ಟು ಹುಡುಗ ಕೆಟ್ಟಾಂವ ಅಂತಾರೇನ್ರಿ? ಕೆಟ್ಟಾಂವ ಇದ್ರ ಹಿಂಗ ಸುತ್ತಿ ಬಳಸಿ ಮಾತಾಡ್ತಾರ, ಬಂದವ್ರು ತಿಳ್ಕೊಂಡು ಹೋಗ್ತಾರ. ಛಲೋ ಇದ್ರ ಕೇಳೂ ಪುರಸೊತ್ತಿಲ್ಲ, ಬಂಗಾರದಂಥಾ ಹುಡುಗ ಅನಬೇಕು!”

ಹೌದು, ನನಗೂ ಗೊತ್ತಿದ್ದ ರೂಢಿಯೇ. ಗೊತ್ತಿರುವುದನ್ನು ಬೇಕಾದ ಹೊತ್ತಿಗೆ ಮರೆಯುವುದು ನನ್ನ ವಿದ್ಯೆಯ ಫಲ. ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ, ರಾಮದುರ್ಗದ ಬಸ್ಸು ಹೋಗಿತ್ತು. ಮರುದಿನ ಆ ಸಂಬಂಧ ತಂದ ಮಧ್ಯಸ್ಥರಿಂದ ನಂಬರು ಪಡೆದು ಫೋನ್ ಮಾಡಿ, “ಹುಡುಗ ಬಂಗಾರ್ರಿ, ಖರೇನ ಬಂಗಾರ,” ಎಂದೆ. ಆ ಕಡೆ ಹಿರಿಯರು ನಕ್ಕರು. “ಇರ್ಲಿ ಬಿಡ್ರಿ ಸರ. ಬಾಜೂದವ್ರು ಬಂದು ಕೈಕಾಲ ಹಿಡಿದಿರಬೇಕು. ನಿಮ್ಮ ಕಷ್ಟಾ ನಮಗ ತಿಳೀತೈತಿ.”

ಆ ವಾರವೇ ಮಲ್ಲು ನಮ್ಮ ಫ್ಯಾನು ರಿಪೇರಿಗೆ ಬಂದ. ನಾನು ಸ್ಟೂಲು ಹಿಡಿದುಕೊಂಡಿದ್ದೆ. “ಆ ಸಂಬಂಧ ಕೂಡ್ಲಿಲ್ರಿ ಸರ,” ಎಂದ ಮೇಲಿನಿಂದ. “ಹುಡುಗಿ ನನಗ ಮನಸಿಗೆ ಬಂದಿದ್ಲು.” ಅವನ ಮುಖ ಕಾಣದ್ದೇ ಪುಣ್ಯ. ಸ್ಟೂಲು ಅಲುಗಿದ್ದಕ್ಕೆ ‘ಸ್ಟೂಲ್ ಗಟ್ಟಿ ಹಿಡೀರ್ರಿ’ ಎಂದನಷ್ಟೇ. ಸಂಜೆ ಗಂಗವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಗೊತ್ತೈತ್ರಿ,” ಎಂದಳು, ತಲೆಯೆತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಧಾರವಾಡಕ್ಕೆ ನಾನು ಹೋಗಲೇ ಇಲ್ಲ, ಜ್ವರ ಎಂದು ಹೇಳಿ ಕಳುಹಿಸಿದೆ. ಸತ್ಯದ ಮೇಲಿನ ಪ್ರಬಂಧ ಸುಳ್ಳಿನಲ್ಲಿ ಮುಗಿಯಿತು.

ಮೊನ್ನೆ ನಮ್ಮ ಮಗಳು ಸುಮಾಳ ಸಂಬಂಧಕ್ಕೆಂದು ಮನೋಳಿ ಊರಿನವರು ವಿಚಾರಿಸಲು ಬಂದರು. ನೀರು ಕೇಳಿಕೊಂಡು ಹೋದದ್ದು ಯಾರ ಮನೆಗೆ? ಗಂಗವ್ವನ ಮನೆಗೆ. ಮಲ್ಲುವಿಗೆ ಇನ್ನೂ ಎಲ್ಲಿಯೂ ಸಂಬಂಧ ಕೂಡಿಲ್ಲ. ನಾನು ಹಿತ್ತಲಲ್ಲಿ ನೀರಿನ ಬಕೆಟ್ ಹಿಡಿದು ಗೋಡೆಯ ಈಚೆಗೆ ಗರಬಡಿದವನಂತೆ ನಿಂತೆ.

“ಹುಡುಗಿ ಬಂಗಾರ್ರಿ, ಕಣ್ಣು ಮುಚ್ಚಿ ಮಾಡ್ಕೋರ್ರಿ,” ಎಂದಳು ಗಂಗವ್ವ.

“ತಂದಿ ಹ್ಯಾಂಗ್ರಿ?”

ಗಂಗವ್ವ ಸುಮ್ಮನಾದಳು. ನಮ್ಮ ಕಡೆ ಅಷ್ಟೇ ಸಾಕು. ನನ್ನ ಮಗಳ ಮದುವೆ ಆ ಗೋಡೆಯ ಮೇಲೆ ತೂಗಾಡುತ್ತಿತ್ತು.

“ಸರ್ರ ಏನ್ರಿ? ದೇವರಂಥಾ ಮನಷ್ಯಾ. ಬಾಯಾಗ ಹೆಚ್ಚಿನ ಮಾತು ಒಂದ ಬರೂದಿಲ್ಲ.”

ಬಕೆಟ್ ಇಟ್ಟರೆ ಸಪ್ಪಳವಾದೀತೆಂದು ಹಿಡಿದುಕೊಂಡೇ ನಿಂತೆ. ಪಾಶ್ಚಾತ್ಯರ ಪ್ರಕಾರ ಇದು ಅಪ್ಪಟ ಸುಳ್ಳು. ಅವರಲ್ಲಿ ಒಬ್ಬನೂ ಆ ಹೊತ್ತಿಗೆ ಮನೋಳಿಯವರ ಜೊತೆಗೆ ಬಂದಿರದಿರಲಿ ಎಂದು ಬೇಡಿಕೊಂಡೆ. ಕಣ್ಣಲ್ಲಿ ನೀರು ಬಂತು. ಗೋಡೆ ಹಾರಿ ಆಕೆಯ ಕಾಲಿಗೆ ಬಿದ್ದು, ಈ ಉಪಕಾರದ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿ ಗೋಡೆಯ ಕಡೆಗೆ ಹೆಜ್ಜೆ ಇಟ್ಟದ್ದೂ ಹೌದು.

ಹಿಂದಿನಿಂದ ಶಾಂತಾ ಅಂಗಿ ಹಿಡಿದು ಜಗ್ಗಿ ಪಿಸುಗುಟ್ಟಿದಳು: “ಒಳಗ ಬರ್ರಿ. ಗಂಗವ್ವ ಹೇಳಿದ್ದು ಇನ್ನೊಂದು ಗಳಿಗಿ ಖರೇ ಇರ್ಲಿ.”